ಗುರುವಾರ ಬೆಳಗ್ಗೆ ಏಳದ ಕಂಪ್ಯೂಟರು

ಕಾಸರಗೋಡಿನ ಬದಿಯಡ್ಕ ಪೇಟೆಯಲ್ಲಿ ನನಗೆ ಗುರ್ತದ ಅಣ್ಣನೊಬ್ಬರ ಡಿಟಿಪಿ ಅಂಗಡಿ ಇದೆ. ಮದುವೆ ಕಾಗದ, ಗೃಹಪ್ರವೇಶದ ಕಾಗದ, ಬ್ರಹ್ಮಕಲಶೋತ್ಸವದ ಆಮಂತ್ರಣ, ತಾಳಮದ್ದಳೆಯ ಕರಪತ್ರ, ಒಂದು ಬದಿ ಕನ್ನಡ ಇನ್ನೊಂದು ಬದಿ ಮಲಯಾಳ ಇರುವ ನೋಟೀಸು, ಎಲ್ಲ ಅಲ್ಲೇ ತಯಾರಾಗುವುದು. ಮದುವೆಗಳ ಸಮಯ. ಒಂದು ಗುರುವಾರ ಬೆಳಗ್ಗೆ ಒಂಬತ್ತಕ್ಕೆ ಅವರ ಫೋನು ಬಂತು. "ಎಂತ ಮಾಡೂದು ಮಾರಾಯ, ನಿನ್ನೆ ರಾತ್ರಿ ಬಂದ್ ಮಾಡುವಾಗ ಸರಿ ಇತ್ತು. ಈಗ ಆನ್ ಆಗ್ತದೆ, ಸ್ವಲ್ಪ ಹೊತ್ತು ತಿರುಗ್ತದೆ, ಮತ್ತೆ ತನ್ನಷ್ಟಕ್ಕೇ ಬಂದ್ ಆಗ್ತದೆ. ಮಧ್ಯಾಹ್ನಕ್ಕೆ ಮದುವೆ ಕಾಗದ ಪ್ರೆಸ್ಸಿಗೆ ಹೋಗ್ಬೇಕು."

ಹೋಗಿ ನೋಡಿದೆ. ಮೇಜಿನ ಅಡಿಯಲ್ಲಿ ಕ್ಯಾಬಿನೆಟ್ಟು, ಅದರ ಹಣೆಯಲ್ಲಿ ನವರಾತ್ರಿಯ ಆಯುಧಪೂಜೆಗೆ ಹಚ್ಚಿದ ಗಂಧ ಕುಂಕುಮ ಇನ್ನೂ ಇದೆ. 2013ರಲ್ಲಿ ಮಂಗಳೂರಿನಿಂದ ತಂದ ಯಂತ್ರ. ಮೂರನೇ ತಲೆಮಾರಿನ ಐ3, ನಾಲ್ಕು ಜಿಬಿ ರ್‍ಯಾಮ್, 500 ಜಿಬಿಯ ತಿರುಗುವ ಹಾರ್ಡ್ ಡಿಸ್ಕ್. ತರುವಾಗ ವಿಂಡೋಸ್ 7 ಇತ್ತು, 2016ರಲ್ಲಿ ಪುಕ್ಕಟೆ ಸಿಗುತ್ತದೆ ಎಂದು 10 ಹಾಕಿಸಿಕೊಂಡದ್ದು. ಹಿಂದೆ ಯುಎಸ್‌ಬಿಗೆ ಚುಚ್ಚಿದ ಒಂದು ಸಣ್ಣ ಡಾಂಗಲ್. ಕನ್ನಡ ಫಾಂಟಿನ ಸಾಫ್ಟ್‌ವೇರ್ ನಡೆಯಬೇಕಾದರೆ ಅದು ಅಲ್ಲಿ ಇರಲೇಬೇಕು. ಪರದೆಯಲ್ಲಿ ಬಿಳಿ ಚುಕ್ಕೆಗಳು ಸುತ್ತು ಹೊಡೆಯುತ್ತವೆ, ನೀಲಿ ಪರದೆ ಒಮ್ಮೆ ಬಂದು ಮಾಯ, ಮತ್ತೆ ಮೊದಲಿಂದ.

ಪಕ್ಕದ ಮೊಬೈಲ್ ಅಂಗಡಿಯ ಹುಡುಗ ಬಾಗಿಲಲ್ಲಿ ನಿಂತು ತೀರ್ಪು ಕೊಟ್ಟ. "ವಯಸ್ಸಾಯಿತು ಅಣ್ಣ ಇದಕ್ಕೆ. ಗುಜರಿಗೆ ಕೊಟ್ಟು ಹೊಸತು ತಗೊಳ್ಳಿ."

ಈ ಮಾತು ಎಲ್ಲ ಕಡೆ ಕೇಳಿ ಕೇಳಿ ನನಗೆ ಸಾಕಾಗಿದೆ. ಹಿಂದಿನ ಸಂಜೆ ತನಕ ಓಡುತ್ತಿದ್ದ ಯಂತ್ರ ರಾತ್ರಿ ಬೆಳಗಾಗುವಾಗ ಮುದುಕನಾಗುವುದಿಲ್ಲ. ಹಾರ್ಡ್ ಡಿಸ್ಕ್ ಸತ್ತಿರಲಿಲ್ಲ, ರ್‍ಯಾಮ್ ಕೆಟ್ಟಿರಲಿಲ್ಲ. ಹೊರಗಿನಿಂದ ಒಂದು ಬದಲಾವಣೆ ಬಂತು, ಒಳಗಿದ್ದ ಹಳೆ ತುಂಡೊಂದಕ್ಕೆ ಅದು ಒಗ್ಗಲಿಲ್ಲ, ಅಷ್ಟೇ. ಆದರೆ ಅಪ್‌ಡೇಟ್ ಕೈಕೊಟ್ಟಾಗಲೆಲ್ಲ ತಪ್ಪು ಯಂತ್ರದ ವಯಸ್ಸಿನ ತಲೆಗೆ, ಖರ್ಚು ಯಂತ್ರ ಇಟ್ಟುಕೊಂಡವನ ತಲೆಗೆ. ಬದಲಾವಣೆ ಕಳಿಸಿದವರ ತಲೆಗೆ ಏನೂ ಇಲ್ಲ. ಈ ಲೆಕ್ಕ ಸರಿಯಿಲ್ಲ ಎಂದು ಹೇಳುವುದಕ್ಕೇ ಇದನ್ನು ಬರೆಯುತ್ತಿರುವುದು.

ಮೊದಲು, ಗುರುವಾರವೇ ಯಾಕೆ? ವಿಂಡೋಸಿನ ತಿಂಗಳ ದೊಡ್ಡ ಅಪ್‌ಡೇಟ್ ಬರುವುದು ಪ್ರತಿ ತಿಂಗಳ ಎರಡನೇ ಮಂಗಳವಾರ. 2003ರಿಂದ ಹೀಗೇ ನಡೆಯುತ್ತಿದೆ. ಅಮೆರಿಕದ ಪಶ್ಚಿಮ ಕರಾವಳಿಯಲ್ಲಿ ಬೆಳಗ್ಗೆ ಹತ್ತು ಗಂಟೆ ಅಂದರೆ ನಮಗೆ ರಾತ್ರಿ ಹತ್ತೂವರೆ, ಅಲ್ಲಿನ ಚಳಿಗಾಲದಲ್ಲಾದರೆ ಹನ್ನೊಂದೂವರೆ. ಅಷ್ಟು ಹೊತ್ತಿಗೆ ನಮ್ಮ ಪೇಟೆಗಳಲ್ಲಿ ನಾಯಿ ಬಿಟ್ಟರೆ ಯಾರೂ ಎಚ್ಚರ ಇರುವುದಿಲ್ಲ. ಬುಧವಾರ ಅಂಗಡಿ ತೆರೆದು ಕಂಪ್ಯೂಟರ್ ಆನ್ ಮಾಡಿದ ಮೇಲೆ ಅದು ಹಿಂದಿನಿಂದ ಮೆಲ್ಲ ಇಳಿಯುತ್ತದೆ, ಹಳೆ ಯಂತ್ರ ಆ ದಿನ ಯಾಕೋ ಮಂದ ಎಂದು ಕಾಣುತ್ತದೆ. ರಾತ್ರಿ ಬಂದ್ ಮಾಡುವಾಗ 'ಶಟ್ ಡೌನ್' ಇದ್ದ ಜಾಗದಲ್ಲಿ 'ಅಪ್‌ಡೇಟ್ ಆ್ಯಂಡ್ ಶಟ್ ಡೌನ್' ಇರುತ್ತದೆ. ಮನೆಗೆ ಹೋಗುವ ಅವಸರದಲ್ಲಿ ಅದನ್ನು ಒತ್ತಿ, ಶಟರ್ ಎಳೆದು, ಕೊನೆಯ ಬಸ್ಸು ಹಿಡಿಯುತ್ತಾರೆ. ಕೆಲವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಮೈನ್ ಸ್ವಿಚ್ಚನ್ನೂ ಆಫ್ ಮಾಡಿ ಹೋಗುತ್ತಾರೆ, ಗುಡುಗು ಮಿಂಚಿನ ಹೆದರಿಕೆ. ನಮ್ಮಲ್ಲಿ ಸಿಡಿಲಿಗೆ ಮೋಡೆಮ್ ಸುಟ್ಟುಕೊಳ್ಳದ ಮನೆ ಕಡಿಮೆ, ಆ ಹೆದರಿಕೆ ಸುಮ್ನೆ ಅಲ್ಲ. ಆದರೆ ಅರ್ಧ ಬರೆದ ಫೈಲಿನ ಮಧ್ಯದಲ್ಲಿ ಕರೆಂಟ್ ಹೋದರೆ ಬೆಳಗ್ಗೆ ಏನಾಗುತ್ತದೆ ಎಂದು ಹೇಳಬೇಕಾಗಿಲ್ಲ.

ಅಪ್‌ಡೇಟ್ ಎಂದರೆ ಹಂಚಿನ ಮಾಡಿನ ರಿಪೇರಿಯ ಹಾಗೆ. ಎರಡು ಹಂಚು ಬದಲಿಸಲು ಹತ್ತಿದವ ಇಳಿಯುವಾಗ ಇನ್ನೆರಡನ್ನು ಒಡೆದು ಇಳಿದದ್ದು ನಾವೆಲ್ಲ ನೋಡಿದ್ದೇವೆ. ಒಂದು ಕಾರ್ಖಾನೆಯ ಹಂಚಿಗೆ ಇನ್ನೊಂದು ಕಾರ್ಖಾನೆಯ ಹಂಚು ಸರಿಯಾಗಿ ಕೂರುವುದೂ ಇಲ್ಲ. ಹಳೆ ಕಂಪ್ಯೂಟರಿನಲ್ಲಿ ಇಂಥ ಬೇರೆ ಬೇರೆ ಕಾರ್ಖಾನೆಯ ಹಂಚುಗಳು ಜಾಸ್ತಿ: ಪ್ರಿಂಟರಿನ ಡ್ರೈವರ್ (ಅದನ್ನು ವಿಂಡೋಸಿಗೆ ಜೋಡಿಸುವ ತಂತ್ರಾಂಶ) ಒಂದು ಕಂಪನಿಯದ್ದು, ಡಾಂಗಲಿನದ್ದು ಇನ್ನೊಂದರದ್ದು, ಗ್ರಾಫಿಕ್ಸ್‌ನದ್ದು ಮತ್ತೊಂದರದ್ದು. ಅವುಗಳಲ್ಲಿ ಅರ್ಧದಷ್ಟಕ್ಕೆ ಹೊಸತು ಬರೆದುಕೊಡುವವರೇ ಈಗ ಇಲ್ಲ. ಹೊಸ ಯಂತ್ರದಲ್ಲಿ ಎಲ್ಲ ಒಂದೇ ವರ್ಷದ ಹಂಚು.

ಆ ದಿನ ಮಾಡಿದ್ದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾರಿಗಾದರೂ ಬೇಕಾದೀತು. ಕಂಪ್ಯೂಟರ್ ಏಳುತ್ತಿರುವಾಗಲೇ ಪವರ್ ಬಟನ್ನನ್ನು ಒತ್ತಿ ಹಿಡಿದು ಆಫ್ ಮಾಡಬೇಕು. ಹೀಗೆ ಎರಡು ಮೂರು ಸಲ ಮಾಡಿದರೆ ವಿಂಡೋಸಿಗೆ ತನಗೇನೋ ಆಗಿದೆ ಎಂದು ಗೊತ್ತಾಗಿ ರಿಪೇರಿಯ ನೀಲಿ ಪುಟ ತಂದು ಎದುರಿಗಿಡುತ್ತದೆ. ಅದರಲ್ಲಿ ಟ್ರಬಲ್‌ಶೂಟ್, ಮತ್ತೆ ಅಡ್ವಾನ್ಸ್ಡ್ ಆಪ್ಷನ್ಸ್, ಮತ್ತೆ ಅನ್‌ಇನ್‌ಸ್ಟಾಲ್ ಅಪ್‌ಡೇಟ್ಸ್. ಅಲ್ಲಿ ಎರಡು ಬಾಗಿಲು. 'ಕ್ವಾಲಿಟಿ ಅಪ್‌ಡೇಟ್' ಅಂದರೆ ತಿಂಗಳು ತಿಂಗಳು ಬರುವುದು, 'ಫೀಚರ್ ಅಪ್‌ಡೇಟ್' ಅಂದರೆ ವರ್ಷಕ್ಕೊಮ್ಮೆ ಬರುವ ದೊಡ್ಡದು. ನಾವು ಮೊದಲನೆಯದನ್ನು ಒತ್ತಿದೆವು.

ಆಮೇಲೆ ಕಾಯುವ ಕೆಲಸ. ತಿರುಗುವ ಡಿಸ್ಕು, ಹಾಗಾಗಿ ಮುಕ್ಕಾಲು ಗಂಟೆ ಹಿಡಿಯಿತು. ಅಷ್ಟರಲ್ಲಿ ಅಣ್ಣನ ಕೈ ಎರಡು ಸಲ ಸ್ವಿಚ್ಚಿನ ಹತ್ತಿರ ಹೋಯಿತು, ಎರಡು ಸಲವೂ ಹಿಡಿದು ನಿಲ್ಲಿಸಿದೆ. "ಹ್ಯಾಂಗ್ ಆಗಿದೆ ಅಲ್ವಾ?" ಕ್ಯಾಬಿನೆಟ್ಟಿನ ಎದುರಿನ ಸಣ್ಣ ಕೆಂಪು ದೀಪ ತೋರಿಸಿದೆ. ಅದು ಮಿಣಮಿಣ ಎನ್ನುತ್ತಿದ್ದರೆ ಡಿಸ್ಕ್ ಕೆಲಸ ಮಾಡುತ್ತಿದೆ ಎಂದು ಅರ್ಥ, ಪರದೆಯಲ್ಲಿ ಅಂಕೆ ಅಲುಗದಿದ್ದರೂ. ಅಪ್‌ಡೇಟ್ ಹಾಳು ಮಾಡುವ ಯಂತ್ರಗಳಿಗಿಂತ ನಮ್ಮ ಅವಸರದ ಬೆರಳು ಹಾಳು ಮಾಡುವ ಯಂತ್ರಗಳು ಜಾಸ್ತಿ ಎಂಬ ಗುಮಾನಿ ನನಗಿದೆ.

ಕಂಪ್ಯೂಟರ್ ಎದ್ದಿತು. ಫೈಲು ಪೆನ್‌ಡ್ರೈವಿಗೆ ಹಾಕಿಕೊಂಡು ಪ್ರೆಸ್ಸಿಗೆ ಓಡಿದ್ದಾಯಿತು. ಆದರೆ ಸಂಜೆಗೆ ಅದೇ ಅಪ್‌ಡೇಟ್ ಮತ್ತೆ ಇಳಿಯಲು ಶುರು. ತೆಗೆದು ಹಾಕಿದ್ದನ್ನು ಅದು ನೆನಪಿಟ್ಟುಕೊಳ್ಳುವುದಿಲ್ಲ, ತಡೆಯದಿದ್ದರೆ ಮರುದಿನ ಮತ್ತೆ ಅದೇ ಕಥೆ. ಕೂಡಲೇ ಸೆಟ್ಟಿಂಗಿನಲ್ಲಿ 'ಪಾಸ್' (pause, ಸದ್ಯಕ್ಕೆ ತಡೆ) ಒತ್ತಿದೆವು. ವಿಂಡೋಸ್ 10ರಲ್ಲಿ ಹೀಗೆ 35 ದಿನದ ತನಕ ತಡೆಹಿಡಿಯಬಹುದು. ಎರಡು ದಿನ ಕೂತು ಹುಡುಕಿದ ಮೇಲೆ ಗೊತ್ತಾದದ್ದು, ಡಾಂಗಲ್ ಕಿತ್ತು ಹಾಕಿ ಅಪ್‌ಡೇಟ್ ಮಾಡಿದರೆ ಏನೂ ತೊಂದರೆ ಇಲ್ಲ. ಡಾಂಗಲ್ ಚುಚ್ಚಿದ ಕ್ಷಣ ನೀಲಿ ಪರದೆ. ಅದರ ಡ್ರೈವರ್ 2009ರದ್ದು. ಆ ಫಾಂಟ್ ಕಂಪನಿಗೆ ಫೋನ್ ಮಾಡಿದರೆ, ಹೊಸ ವರ್ಷನ್ ತಗೊಳ್ಳಿ ಸರ್, ಹಳೆಯದಕ್ಕೆ ಸಪೋರ್ಟ್ ಇಲ್ಲ ಎಂದರು. ದುಡ್ಡು ಕೊಟ್ಟು ತಗೊಂಡದ್ದಕ್ಕೆ ಮತ್ತೆ ದುಡ್ಡು ಕೊಡಬೇಕು. ಇಲ್ಲೂ ಕೊನೆಗೆ ಹಳತು ಎಂಬ ಪದವೇ.

ಇದು ನಮ್ಮ ಅಂಗಡಿಯ ಕಥೆ, ಸಣ್ಣದು. ಊರಿಗೆಲ್ಲ ಗೊತ್ತಿರುವ ದೊಡ್ಡ ಕಥೆಗಳಲ್ಲೂ ಇದೇ ವರಸೆ ಕಾಣುತ್ತದೆ.

2018ರ ಜನವರಿ. ಸ್ಪೆಕ್ಟರ್, ಮೆಲ್ಟ್‌ಡೌನ್ ಎಂದು ಪ್ರೊಸೆಸರಿನಲ್ಲೇ ಇದ್ದ ಭದ್ರತೆಯ ಎರಡು ತೂತುಗಳು ಹೊರಬಂದು ಎಲ್ಲರೂ ಕಂಗಾಲಾದ ಹೊತ್ತು. ಮೈಕ್ರೋಸಾಫ್ಟ್ ಅವಸರದಲ್ಲಿ ಅಪ್‌ಡೇಟ್ ಬಿಟ್ಟಿತು. ಎಎಂಡಿಯ ಕೆಲವು ಹಳೆ ಪ್ರೊಸೆಸರಿನ ಕಂಪ್ಯೂಟರುಗಳು ಅದನ್ನು ಹಾಕಿದ ಮೇಲೆ ಏಳಲೇ ಇಲ್ಲ. ಅಂಥ ಯಂತ್ರಗಳಿಗೆ ಅಪ್‌ಡೇಟ್ ನಿಲ್ಲಿಸಿದ ಮೈಕ್ರೋಸಾಫ್ಟ್ ಕೊಟ್ಟ ಕಾರಣ ಏನು ಗೊತ್ತಾ? ಆ ಚಿಪ್‌ಸೆಟ್‌ಗಳು ತನಗೆ ಮೊದಲು ಕೊಟ್ಟಿದ್ದ ದಾಖಲೆಯ ಪ್ರಕಾರ ನಡೆದುಕೊಳ್ಳುವುದಿಲ್ಲವಂತೆ. ಇರಬಹುದು. ಆದರೆ ಎಷ್ಟೋ ವರ್ಷ ಅದೇ ಚಿಪ್ಪಿನ ಮೇಲೆ ಅದೇ ವಿಂಡೋಸ್ ಓಡಿತ್ತಲ್ಲ.

ಅದೇ ವರ್ಷ ಅಕ್ಟೋಬರ್ 2ಕ್ಕೆ ವಿಂಡೋಸ್ 10ರ 1809 ಎಂಬ ದೊಡ್ಡ ಅಪ್‌ಡೇಟ್ ಬಂತು. ಕೆಲವರ ಡಾಕ್ಯುಮೆಂಟ್ಸ್ ಫೋಲ್ಡರಿನ ಫೈಲುಗಳೇ ಮಾಯ. ನಾಲ್ಕು ದಿನದಲ್ಲಿ ಹಿಂದೆ ತೆಗೆದುಕೊಂಡರು, ಮತ್ತೆ ಬಿಟ್ಟದ್ದು ನವೆಂಬರ್ 13ಕ್ಕೆ. ಮೈಕ್ರೋಸಾಫ್ಟ್ ಹೇಳಿದ ಪ್ರಕಾರ ಫೈಲು ಹೋಯಿತು ಎಂದು ದೂರಿದವರು ನೂರಕ್ಕೆ 0.01ರಷ್ಟು ಮಾತ್ರ. ಅಂಕೆ ಸಣ್ಣದು, ಸರಿ. ಆದರೆ ಯಾರಿಗಾಯಿತು ಎಂದು ನೋಡಿದರೆ ನನಗೆ ಸಂಕಟವಾಗುತ್ತದೆ. ಡಾಕ್ಯುಮೆಂಟ್ಸ್ ಫೋಲ್ಡರನ್ನು ಸಿ ಡ್ರೈವಿನಿಂದ ಡಿ ಡ್ರೈವಿಗೆ ತಿರುಗಿಸಿ, ಹಳೆ ಜಾಗದಲ್ಲೂ ಒಂದಷ್ಟು ಫೈಲು ಉಳಿಸಿಕೊಂಡವರಿಗೆ. ಹಳೆ ಫೋಲ್ಡರ್ ಖಾಲಿ ಇರಬಹುದು ಎಂದುಕೊಂಡು ಅಪ್‌ಡೇಟ್ ಅದನ್ನು ಅಳಿಸಿತು. ನಮ್ಮ ಕಡೆ ಕಂಪ್ಯೂಟರ್ ರಿಪೇರಿಗೆ ಬರುವ ಪ್ರತಿಯೊಬ್ಬನೂ ಹೇಳುವ ಬುದ್ಧಿಮಾತು ಯಾವುದು? 'ಸಿಯಲ್ಲಿ ಏನೂ ಇಡಬೇಡಿ, ಡಿಗೆ ಹಾಕಿ.' ಹೇಳಿದ ಮಾತು ಕೇಳಿ, ಅರ್ಧ ಮಾತ್ರ ಮಾಡಿದವರೇ ಪೆಟ್ಟು ತಿಂದದ್ದು.

ನನ್ನ ಮಾತಿಗೆ ಎಲ್ಲಕ್ಕಿಂತ ಸರಿಯಾದ ಸಾಕ್ಷಿ 2024ರ ಜನವರಿಯದ್ದು. ವಿಂಡೋಸ್ ಕೆಟ್ಟಾಗ ರಿಪೇರಿಗೆ ಬೇಕು ಎಂದು ಡಿಸ್ಕಿನ ಒಂದು ಮೂಲೆಯಲ್ಲಿ ರಿಕವರಿ ಪಾರ್ಟಿಷನ್ ಎಂದು ಸಣ್ಣ ಜಾಗ ಕಟ್ಟಿಟ್ಟಿರುತ್ತದೆ, ಅಟ್ಟದಲ್ಲಿ ಹಳೆ ಸಾಮಾನು ಇಟ್ಟ ಹಾಗೆ, ನಮ್ಮ ಕಣ್ಣಿಗೆ ಬೀಳುವುದಿಲ್ಲ. ಬಿಟ್‌ಲಾಕರ್ ಎಂಬ ಬೀಗದ ವ್ಯವಸ್ಥೆಯಲ್ಲಿದ್ದ ತೂತು ಮುಚ್ಚಲು ಬಂದ ಆ ಅಪ್‌ಡೇಟಿಗೆ ಆ ಮೂಲೆಯಲ್ಲಿ 250 ಎಂಬಿ ಖಾಲಿ ಬೇಕಿತ್ತು. ಲೆಕ್ಕವಿಲ್ಲದಷ್ಟು ಯಂತ್ರಗಳಲ್ಲಿ ಅಷ್ಟು ಇರಲಿಲ್ಲ. ಯಾಕಿರಲಿಲ್ಲ? ಆ ಮೂಲೆಯ ಅಳತೆ ಎಷ್ಟಿರಬೇಕು ಎಂದು ಹೆಚ್ಚಿನ ಕಡೆ ನಿಶ್ಚಯಿಸಿದ್ದು ವಿಂಡೋಸಿನ ಸೆಟಪ್ಪೇ, ಬಳಸುವವರಲ್ಲ. ನಮ್ಮ ಅಣ್ಣನ ಹಾಗೆ 7ರಿಂದ 10ಕ್ಕೆ ಹತ್ತಿದವರು ಅದನ್ನು ಕೇಳಿದವರೂ ಅಲ್ಲ, ಕಂಡವರೂ ಅಲ್ಲ.

ಜಾಗ ಸಾಲದು ಎಂದು ಅದು ಬಾಯಿಬಿಟ್ಟು ಹೇಳಿತಾ? ಇಲ್ಲ. 80070643 ಎಂದು ಕೊನೆಯಾಗುವ ಒಂದು ಕೋಡ್ ತೋರಿಸಿತು, ಅದರ ಅರ್ಥ ಇನ್‌ಸ್ಟಾಲ್ ಆಗಲಿಲ್ಲ ಎಂದು ಮಾತ್ರ. ಜಾಗ ಸಾಲದು ಎಂಬ ಸರಿಯಾದ ಕೋಡಿನ ಬದಲು ಇದು ಬರುತ್ತಿದೆ ಎಂದು ಮೈಕ್ರೋಸಾಫ್ಟೇ ಆಮೇಲೆ ಒಪ್ಪಿಕೊಂಡಿತು. ಬಿಟ್‌ಲಾಕರ್ ಬಳಸದವರ ಯಂತ್ರಕ್ಕೂ ದಿನಾ ಅದೇ ಅಪ್‌ಡೇಟ್, ದಿನಾ ಅದೇ ಕೋಡ್. ಪರಿಹಾರ ಎಂದು ಕೊಟ್ಟದ್ದು ಕಪ್ಪು ಪರದೆಯಲ್ಲಿ ಕಮಾಂಡ್ ಟೈಪ್ ಮಾಡಿ ಪಾರ್ಟಿಷನ್ ಅಳಿಸಿ ದೊಡ್ಡದು ಮಾಡುವ ವಿಧಾನ. ಒಂದು ಅಂಕೆ ತಪ್ಪಿದರೆ ಬೇರೆಯೇ ಪಾರ್ಟಿಷನ್ ಹೋಗುತ್ತದೆ. ತನ್ನಷ್ಟಕ್ಕೆ ಸರಿಮಾಡುವ ಪರಿಹಾರ ಕೊಡುವುದಿಲ್ಲ ಎಂದು ಕೆಲವು ತಿಂಗಳ ನಂತರ ಹೇಳಿ ಕೈತೊಳೆದುಕೊಂಡರು. ಮದುವೆ ಕಾಗದ ಮಾಡುವವರು ಕಮಾಂಡ್ ಪ್ರಾಂಪ್ಟಿನಲ್ಲಿ ಡಿಸ್ಕ್ ಕತ್ತರಿಸಬೇಕಂತೆ!

ಇಂಥದ್ದು ನಿಮ್ಮ ಪರದೆಯಲ್ಲಿ ಇನ್ನೂ ಕಾಣುತ್ತಿದ್ದರೆ ನನ್ನ ಸಲಹೆ ಸರಳ. ನೀವು ಬಿಟ್‌ಲಾಕರ್ ಹಾಕಿಕೊಂಡಿಲ್ಲ, ಕಂಪ್ಯೂಟರ್ ಅಂಗಡಿ ಬಿಟ್ಟು ಎಲ್ಲೂ ಹೋಗುವುದಿಲ್ಲ ಅಂದರೆ ಆ ಒಂದನ್ನು ಬಿಟ್ಟುಬಿಡಿ. ಬೇರೆ ಅಪ್‌ಡೇಟುಗಳು ಬರುತ್ತವೆ, ಅದು ಅವನ್ನು ತಡೆಯುವುದಿಲ್ಲ. ಯೂಟ್ಯೂಬ್ ನೋಡಿ ಪಾರ್ಟಿಷನ್ ಕತ್ತರಿಸಲು ಮಾತ್ರ ಹೋಗಬೇಡಿ.

ಹೊಸ ಯಂತ್ರ ಇದ್ದವರು ಇದನ್ನೆಲ್ಲ ಓದಿ ನಗುತ್ತಿದ್ದರೆ 2024ರ ಜುಲೈ 19 ನೆನಪು ಮಾಡಿಕೊಳ್ಳಲಿ. ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಕಂಪನಿ ಕಳಿಸಿದ ಒಂದು ಸಣ್ಣ ಫೈಲು ನಮ್ಮ ಸಮಯ ಬೆಳಗ್ಗೆ 9.39ಕ್ಕೆ ಹೊರಟಿತು, 78 ನಿಮಿಷದಲ್ಲಿ ಹಿಂದೆ ತೆಗೆದರು, ಅಷ್ಟರಲ್ಲಿ ಸುಮಾರು 85 ಲಕ್ಷ ವಿಂಡೋಸ್ ಯಂತ್ರ ನೀಲಿಯಾಗಿದ್ದವು. ನಮ್ಮ ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸ್ ಕೈಯಲ್ಲಿ ಬರೆದು ಕೊಟ್ಟರು. ಅವು ಯಾವುವೂ ಗುಜರಿಗೆ ಹೋಗುವ ಯಂತ್ರಗಳಲ್ಲ, ದೊಡ್ಡ ದೊಡ್ಡ ಕಂಪನಿಗಳದ್ದು. ಆ ದಿನ ಯಾರೂ 'ವಯಸ್ಸಾಯಿತು' ಎನ್ನಲಿಲ್ಲ.

ಇನ್ನೊಂದು ಹೇಳದಿದ್ದರೆ ನನಗೆ ಸಮಾಧಾನವಿಲ್ಲ. 2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ಕೊನೆಯ ನಮಸ್ಕಾರ ಹೇಳಿ, ಎಲ್ಲರೂ 11ಕ್ಕೆ ಬನ್ನಿ ಎಂದರು. ಅದೇ ದಿನ 11ಕ್ಕೆ ಬಂದ ಅಪ್‌ಡೇಟ್ ಹಾಕಿಕೊಂಡವರಿಗೆ ರಿಪೇರಿಯ ನೀಲಿ ಪುಟದಲ್ಲಿ ಯುಎಸ್‌ಬಿ ಕೀಬೋರ್ಡ್, ಮೌಸ್ ಎರಡೂ ಕೆಲಸ ಮಾಡಲಿಲ್ಲ. ಬಾಗಿಲು ಕಾಣುತ್ತದೆ, ತೆರೆಯಲು ಕೈಯಿಲ್ಲ. ಆರು ದಿನದ ಮೇಲೆ ತುರ್ತು ಪರಿಹಾರ ಬಂತು. ಆ ಆರು ದಿನ ಅಲ್ಲಿ ಕೆಲಸ ಮಾಡಿದ್ದು ಯಾವ ಕೀಬೋರ್ಡು? ಟಚ್ ಸ್ಕ್ರೀನ್ ಇದ್ದವರನ್ನು ಬಿಟ್ಟರೆ, ಹಳೆ ಕಾಲದ ದುಂಡು ಪಿನ್ನಿನ ಪಿಎಸ್/2 ಕೀಬೋರ್ಡು. ನನ್ನ ಹತ್ತಿರ ಅಂಥದ್ದೊಂದು ಅಟ್ಟದಲ್ಲಿದೆ, ಮನೆಯವರು ಮೂರು ಸಲ ಬಿಸಾಡಲು ಹೇಳಿದ್ದರು.

ಹಾಗಾದರೆ ಅಪ್‌ಡೇಟೇ ಬೇಡ, ಬಂದ್ ಮಾಡಿ ಇಟ್ಟುಬಿಡುವ ಎನ್ನುವವರು ನಮ್ಮಲ್ಲಿ ಬೇಕಾದಷ್ಟು ಇದ್ದಾರೆ. ಅಂಗಡಿಗೆ ಬರುವ ರಿಪೇರಿಯವರು ಮೊದಲು ಮಾಡುವ ಕೆಲಸವೇ ಅದು, ಸರ್ವಿಸ್ ಡಿಸೇಬಲ್ ಮಾಡಿ ಹೋಗುತ್ತಾರೆ. ಇದನ್ನು ನಾನು ಒಪ್ಪುವುದಿಲ್ಲ. 2017ರ ಮೇ 12ರಂದು ವಾನಾಕ್ರೈ ಎಂಬ ಹುಳ ಲೋಕ ಇಡೀ ಹರಡಿ ಫೈಲುಗಳಿಗೆ ಬೀಗ ಹಾಕಿ ದುಡ್ಡು ಕೇಳಿತಲ್ಲ, ಆ ತೂತಿಗೆ ಮದ್ದು ಮಾರ್ಚಿನಲ್ಲೇ ಬಂದಿತ್ತು. ಎರಡು ತಿಂಗಳು ಮೊದಲು! ಹಾಕಿಕೊಳ್ಳದವರು ಸಿಕ್ಕಿಬಿದ್ದರು. ಅದು ನಮ್ಮ ಕೇರಳಕ್ಕೂ ಬಂದಿತ್ತು, ವಯನಾಡಿನ ತರಿಯೋಡ್ ಗ್ರಾಮ ಪಂಚಾಯತು ಕಚೇರಿಯ ಕಂಪ್ಯೂಟರುಗಳಲ್ಲಿ ಕಾಣಿಸಿಕೊಂಡು ಸುದ್ದಿಯಾಗಿತ್ತು. ಅಂದರೆ ದೂರದ ಊರಿನ ಕಥೆ ಅಲ್ಲ, ತೆರಿಗೆ ರಶೀದಿ ಎಂದು ನಾವು ಹೋಗಿ ನಿಲ್ಲುವಂಥ ಕಚೇರಿಯ ಕಥೆ.

ನಡುವಿನ ದಾರಿ ಒಂದಿದೆ. ಬೇಡ ಎನ್ನುವುದಲ್ಲ, ತಡ ಮಾಡುವುದು. ತಪ್ಪಿದ ಅಪ್‌ಡೇಟುಗಳ ಸುದ್ದಿ ಹೆಚ್ಚಾಗಿ ಮೊದಲ ವಾರದಲ್ಲೇ ಹೊರಬೀಳುತ್ತದೆ. 1809 ನಾಲ್ಕು ದಿನ, ಕೀಬೋರ್ಡಿನದ್ದು ಆರು ದಿನ, ಮೇಲೆ ಹೇಳಿದೆನಲ್ಲ. ಕೆಲವು ವರ್ಷಗಳಿಂದ ಮೈಕ್ರೋಸಾಫ್ಟಿನವರೂ ತಪ್ಪಿದ ತುಂಡನ್ನು, ಅದು ಭದ್ರತೆಯದ್ದಲ್ಲದಿದ್ದರೆ, ದೂರದಿಂದಲೇ ನಿಷ್ಕ್ರಿಯ ಮಾಡುವ ಕ್ರಮ ಇಟ್ಟುಕೊಂಡಿದ್ದಾರೆ. ಆದರೆ ಅದು ಮುಟ್ಟಬೇಕಾದರೆ ಕಂಪ್ಯೂಟರ್ ಎದ್ದು ಇಂಟರ್ನೆಟ್ಟಿಗೆ ಹೋಗಬೇಕು, ಮಲಗಿದ ಯಂತ್ರಕ್ಕೆ ಅದರಿಂದ ಲಾಭವಿಲ್ಲ. ಹಾಗಾಗಿ ಹತ್ತು ಹನ್ನೆರಡು ದಿನ ಪಾಸ್ ಮಾಡಿ ಇಡಿ. ಮೊದಲು ಹಾಕಿಕೊಳ್ಳುವ ಅವಸರ ಇದ್ದವರು ಹಾಕಿಕೊಳ್ಳಲಿ, ಬಿದ್ದರೆ ಅವರು ಬೀಳಲಿ. ಸ್ವಲ್ಪ ಸ್ವಾರ್ಥದ ಮಾತು, ಗೊತ್ತು. ತಿಂಗಳ ಕೊನೆಗೆ 'ಆಪ್ಷನಲ್', 'ಪ್ರಿವ್ಯೂ' ಎಂದು ಬರುವುದನ್ನಂತೂ ಮುಟ್ಟಲೇಬೇಡಿ, ಅದು ಮುಂದಿನ ತಿಂಗಳಿನದ್ದನ್ನು ನಿಮ್ಮ ಮೇಲೆ ಮೊದಲು ಪ್ರಯೋಗ ಮಾಡಿ ನೋಡುವುದು.

ಹಾಕುವ ದಿನವೂ ನೋಡಿ ಹಾಕಬೇಕು. ಕೆಲಸ ಇಲ್ಲದ ದಿನ, ಆಕಾಶ ನಿರ್ಮಲ ಇರುವ ಹೊತ್ತು. ಯುಪಿಎಸ್ ಇದ್ದರೆ ಸಾಲದು, ಅದರ ಬ್ಯಾಟರಿ ಐದು ನಿಮಿಷವಾದರೂ ನಿಲ್ಲುತ್ತದಾ ಎಂದು ಪ್ಲಗ್ ಎಳೆದು ನೋಡಿ. ಹೆಚ್ಚಿನ ಅಂಗಡಿಗಳಲ್ಲಿ ಯುಪಿಎಸ್ ಎಂಬುದು ದಪ್ಪದ ಒಂದು ಸ್ವಿಚ್ ಬೋರ್ಡ್, ಅಷ್ಟೇ. ಸಿ ಡ್ರೈವಿನಲ್ಲಿ 20 ಜಿಬಿ ಖಾಲಿ ಇರಲಿ ಎನ್ನುವುದು ನನ್ನ ಲೆಕ್ಕ. ಮತ್ತೆ ತಾರೀಕು ನೋಡಿ. ತಮಾಷೆ ಅಲ್ಲ. ಹಳೆ ಕಂಪ್ಯೂಟರ್ ದಿನಾ ಬೆಳಗ್ಗೆ ಹತ್ತು ವರ್ಷ ಹಿಂದಿನ ತಾರೀಕು ತೋರಿಸುತ್ತಿದ್ದರೆ ಮದರ್‌ಬೋರ್ಡಿನ ಬಿಲ್ಲೆ ಬ್ಯಾಟರಿ ಸತ್ತಿದೆ ಎಂದು ಅರ್ಥ. ತಾರೀಕು ತಪ್ಪಿದರೆ ಭದ್ರತಾ ಸರ್ಟಿಫಿಕೇಟುಗಳ ಲೆಕ್ಕ ತಪ್ಪುತ್ತದೆ, ಬ್ರೌಸರ್ ಪ್ರತಿ ಸೈಟನ್ನೂ ಅಪಾಯ ಎನ್ನುತ್ತದೆ, ಅಪ್‌ಡೇಟ್ ಅರ್ಧದಲ್ಲಿ ನಿಲ್ಲುತ್ತದೆ. ವೈರಸ್ ಎಂದು ಹೇಳಿ ಫಾರ್ಮ್ಯಾಟ್ ಮಾಡಿಕೊಟ್ಟವರನ್ನು ನೋಡಿದ್ದೇನೆ. ಬೇಕಾದದ್ದು ಸಿಆರ್ 2032 ಎಂಬ ಬಿಲ್ಲೆ, ವಾಚಿನ ಅಂಗಡಿಯಲ್ಲಿ ಸಿಗುತ್ತದೆ, ಎರಡು ಪ್ಲೇಟ್ ಗೋಳಿಬಜೆಯ ದುಡ್ಡಿಗೆ.

ಫೈಲುಗಳ ನಕಲು ಬೇರೆ ಡಿಸ್ಕಿನಲ್ಲಿ ಇರಬೇಕು ಎಂದು ನಾನು ಹೇಳಿದರೆ ನೀವು ಹೂಂ ಎನ್ನುತ್ತೀರಿ, ಮಾಡುವುದಿಲ್ಲ. ಆದ್ದರಿಂದ ಇನ್ನೊಂದು ಹೇಳುತ್ತೇನೆ. ಯಾವ ರಿಪೇರಿಗೂ ಕಂಪ್ಯೂಟರ್ ಏಳದಿದ್ದರೆ ಫಾರ್ಮ್ಯಾಟ್ ಮಾಡಲು ಬಿಡಬೇಡಿ. ವಿಂಡೋಸಿನ ಬದಲಿಗೆ ಓಡುವ, ಪುಕ್ಕಟೆ ಸಿಗುವ ಲಿನಕ್ಸ್ ಹಾಕಿದ ಒಂದು ಪೆನ್‌ಡ್ರೈವಿನಿಂದ ಏಳಿಸಿದರೆ ಡಿಸ್ಕಿನಲ್ಲಿದ್ದ ಫೈಲುಗಳನ್ನು ಹೊರಗೆ ತೆಗೆಯಬಹುದು, ಡಿಸ್ಕಿಗೆ ಬಿಟ್‌ಲಾಕರಿನ ಬೀಗ ಬಿದ್ದಿರದಿದ್ದರೆ. ವಿಂಡೋಸ್ ಹೋದರೆ ಫೈಲೂ ಹೋಯಿತು ಎಂದೇನಿಲ್ಲ.

ಇಷ್ಟೆಲ್ಲ ಹೇಳಿದ ಮೇಲೂ ಮುಂದಿನ ಪ್ರಶ್ನೆ ಉಳಿಯುತ್ತದೆ. ವಿಂಡೋಸ್ 10ಕ್ಕೆ ಮಾಮೂಲಿ ಅಪ್‌ಡೇಟ್ ನಿಂತಾಯಿತು. ಮನೆ ಬಳಕೆಯ ಯಂತ್ರಗಳಿಗೆ ಇನ್ನೊಂದು ವರ್ಷ, ಅಂದರೆ 2026ರ ಅಕ್ಟೋಬರ್ 13ರ ತನಕ, ಭದ್ರತಾ ಅಪ್‌ಡೇಟ್ ಕೊಡುತ್ತೇವೆ ಎಂದು ಘೋಷಿಸಿದ್ದಾರೆ. 30 ಡಾಲರ್ ಕೊಡಬೇಕು, ಇಲ್ಲವೇ ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆಗಿ ಸೆಟ್ಟಿಂಗುಗಳನ್ನು ಅವರ ಕ್ಲೌಡಿಗೆ ಕಳಿಸಿದರೆ ಪುಕ್ಕಟೆ. 11ಕ್ಕೆ ಹೋಗಬೇಕಾದರೆ ಇಂಟೆಲ್ ಆದರೆ ಎಂಟನೇ ತಲೆಮಾರು, ಟಿಪಿಎಂ 2.0 ಎಂಬ ಚಿಪ್ಪು, ಎಲ್ಲ ಬೇಕು. ಅಣ್ಣನ ಮೂರನೇ ತಲೆಮಾರಿನ ಯಂತ್ರ ಆ ಗೇಟಿನ ಹತ್ತಿರವೂ ಸುಳಿಯುವಂತಿಲ್ಲ. ಮಧ್ಯದಲ್ಲಿ ಇನ್ನೊಂದು ತಾರೀಕೂ ಇದೆ. ಕಂಪ್ಯೂಟರ್ ಏಳುವಾಗ ಕಳ್ಳ ಸಾಫ್ಟ್‌ವೇರ್ ನುಗ್ಗದಂತೆ ನೋಡುವ ಸೆಕ್ಯೂರ್ ಬೂಟಿನ 2011ರ ಸರ್ಟಿಫಿಕೇಟುಗಳ ಅವಧಿ 2026ರ ಜೂನಿನಿಂದ ಮುಗಿಯುತ್ತಾ ಬರುತ್ತದೆ. ಮುಗಿದ ದಿನ ಯಂತ್ರ ಏಳುವುದು ನಿಲ್ಲುವುದಿಲ್ಲ, ಹೆದರಬೇಡಿ. ಆದರೆ ಹೊಸ ಸರ್ಟಿಫಿಕೇಟ್ ಸಿಗದ ಯಂತ್ರಕ್ಕೆ ಏಳುವ ಹಂತದ ಮುಂದಿನ ರಕ್ಷಣೆಗಳು ಬರುವುದಿಲ್ಲ. ಬೋರ್ಡು ಮಾಡಿದ ಕಂಪನಿ ಬಯಾಸ್ (ಯಂತ್ರವನ್ನು ಏಳಿಸುವ, ಬೋರ್ಡಿನಲ್ಲೇ ಇರುವ ತಂತ್ರಾಂಶ) ಅಪ್‌ಡೇಟ್ ಕೊಡುವುದನ್ನು ಎಂದೋ ನಿಲ್ಲಿಸಿದ ಹಳೆ ಯಂತ್ರಗಳೇ ಇದರಲ್ಲೂ ಹಿಂದೆ ಬೀಳುವುದು.

ಲಿನಕ್ಸಿಗೆ ಹೋಗಿ ಎನ್ನುವುದು ಸುಲಭದ ಉತ್ತರ. ಕಾಸರಗೋಡಿನಲ್ಲಿ ಆ ಉತ್ತರ ಅಷ್ಟು ವಿಚಿತ್ರವೂ ಅಲ್ಲ. 2001ರಲ್ಲಿ ಐಟಿ ಅಟ್ ಸ್ಕೂಲ್ ಎಂದು ಶುರುವಾಗಿ ಈಗ ಕೈಟ್ ಆಗಿರುವ ಕೇರಳದ ಯೋಜನೆಯಿಂದಾಗಿ ನಮ್ಮ ಕನ್ನಡ ಮಾಧ್ಯಮ ಶಾಲೆಯ ಮಕ್ಕಳೂ ಉಬುಂಟು ಆಧಾರದ ಲಿನಕ್ಸಿನಲ್ಲೇ ಕಂಪ್ಯೂಟರ್ ಕಲಿಯುತ್ತಾರೆ. ಅಣ್ಣನ ಮಗಳು ಶಾಲೆಯಲ್ಲಿ ಲಿನಕ್ಸಿನಲ್ಲಿ ಕನ್ನಡ ಟೈಪ್ ಮಾಡುತ್ತಾಳೆ, ಅಪ್ಪನ ಅಂಗಡಿಯ ವಿಂಡೋಸ್ ಕಂಡರೆ ನಗುತ್ತಾಳೆ. (ಎರಡನ್ನೂ ಒಂದೇ ಡಿಸ್ಕಿನಲ್ಲಿ ಇಟ್ಟುಕೊಂಡರೂ ನಿಶ್ಚಿಂತೆ ಎನ್ನುವಂತಿಲ್ಲ. 2024ರ ಆಗಸ್ಟಿನ ವಿಂಡೋಸ್ ಅಪ್‌ಡೇಟ್ ಕೆಲವರ ಲಿನಕ್ಸ್ ಏಳದಂತೆ ಮಾಡಿತ್ತು.)

ಅಪ್ಪ ಯಾಕೆ ಹೋಗುವುದಿಲ್ಲ? ಅಭ್ಯಾಸ ಎನ್ನಬಹುದು. ಆದರೆ ನಿಜವಾದ ಬೇಡಿ ಬೇರೆ. ಅವರ ಕೆಲಸ ಎಲ್ಲ ನಡೆಯುವುದು ಪೇಜ್‌ಮೇಕರ್ 7 ಎಂಬ ಪುಟ ಜೋಡಿಸುವ ತಂತ್ರಾಂಶದಲ್ಲಿ. 2001ರಲ್ಲಿ ಬಂದ ಆ ವರ್ಷನ್ನೇ ಕೊನೆಯದು, ಆಮೇಲೆ ಬರಲಿಲ್ಲ. ಅದಕ್ಕೆ ಯುನಿಕೋಡ್ ಕನ್ನಡ, ಅಂದರೆ ಫಾಂಟ್ ಬದಲಾದರೂ ಒಳಗೆ ಕನ್ನಡವಾಗಿಯೇ ಉಳಿಯುವ ಅಕ್ಷರ, ಗೊತ್ತಿಲ್ಲ. ಹಾಗಾಗಿ ಹದಿನೈದು ವರ್ಷದ ಕಾಗದಗಳೆಲ್ಲ ಆಸ್ಕಿ ಫಾಂಟಿನಲ್ಲಿವೆ, ಅಂದರೆ ಒಳಗೆ ಇರುವುದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆ, ಫಾಂಟ್ ಹಾಕಿದಾಗ ಮಾತ್ರ ಕನ್ನಡವಾಗಿ ಕಾಣುವುದು. ಫಾಂಟ್ ಹೋದರೆ ವಧೂವರರ ಹೆಸರು ಬೈಗುಳದ ಹಾಗೆ ಕಾಣುತ್ತದೆ. ಫಾಂಟಿಗೆ ಡಾಂಗಲ್ ಬೇಕು, ಡಾಂಗಲಿಗೆ ಹಳೆ ಡ್ರೈವರ್ ಬೇಕು, ಹಳೆ ಡ್ರೈವರಿಗೆ ಹಳೆ ವಿಂಡೋಸ್ ಬೇಕು. ಇದು ಬದಿಯಡ್ಕದ ಒಂದು ಅಂಗಡಿಯ ಸಂಗತಿ ಮಾತ್ರ ಅಲ್ಲ. ಕನ್ನಡದ ಸಣ್ಣ ಪ್ರೆಸ್ಸು ಇದ್ದಲ್ಲೆಲ್ಲ ಈ ಸರಪಳಿ ಇದೆ. ನನ್ನ ಅಂದಾಜಿನಲ್ಲಿ ಹಳೆ ಕಂಪ್ಯೂಟರನ್ನು ಬಿಡಲಾಗದ ಹಾಗೆ ನಮ್ಮವರನ್ನು ಹಿಡಿದಿಟ್ಟದ್ದು ದುಡ್ಡಿಲ್ಲದ್ದಕ್ಕಿಂತ ಇದೇ ಜಾಸ್ತಿ. ಮದುವೆ ಕಾಗದವನ್ನು ಹೊಸತಾಗಿ ಯುನಿಕೋಡಿನಲ್ಲಿ ಮಾಡಬಹುದು, ಸ್ಕ್ರೈಬಸ್ಸಿನಂಥ ಪುಕ್ಕಟೆ ತಂತ್ರಾಂಶ ಈಗ ಕನ್ನಡದ ಒತ್ತಕ್ಷರಗಳನ್ನು ಸರಿಯಾಗಿ ಕೂರಿಸುತ್ತದೆ. ಆದರೆ 'ಹೋದ ವರ್ಷದ್ದೇ ಇರಲಿ, ತಾರೀಕು ಮಾತ್ರ ಬದಲಿಸಿ' ಎಂದು ದೇವಸ್ಥಾನದ ಸಮಿತಿಯವರು ಬಂದಾಗ ಹಳೆ ಫೈಲೇ ಬೇಕಲ್ಲ.

ಕೊನೆಗೆ ನಾವು ಮಾಡಿದ್ದು ಇಷ್ಟು. ಹಳೆ ಯಂತ್ರದಿಂದ ಇಂಟರ್ನೆಟ್ಟಿನ ಕೇಬಲ್ ಕಿತ್ತೆವು. ಅದು ಇನ್ನು ಪೇಜ್‌ಮೇಕರಿಗೆ ಮಾತ್ರ, ಹೊರಗಿನ ಗಾಳಿಯೂ ಬೇಡ ಅಪ್‌ಡೇಟೂ ಬೇಡ. ತಿರುಗುವ ಡಿಸ್ಕ್ ತೆಗೆದು 256 ಜಿಬಿಯ ಎಸ್‌ಎಸ್‌ಡಿ (ತಿರುಗದ, ವೇಗದ ಡಿಸ್ಕ್) ಹಾಕಿದೆವು, ಇದ್ದದ್ದನ್ನು ಹಾಗೇ ಕ್ಲೋನ್ ಮಾಡಿ, ಡಾಂಗಲ್ ಇದ್ದಲ್ಲೇ ಇದೆ. ಮೇಲ್ ನೋಡಲು, ಅರ್ಜಿ ತುಂಬಲು, ವಾಟ್ಸಾಪಿನಲ್ಲಿ ಬರುವ ಫೋಟೋ ಇಳಿಸಲು ಒಂದು ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್, ಎಂಟನೇ ತಲೆಮಾರಿನದ್ದು, 11 ಹಾಕಿದ್ದು. ಎರಡರ ಮಧ್ಯೆ ಪೆನ್‌ಡ್ರೈವ್ ಓಡಾಡುತ್ತದೆ, ಅದೊಂದು ತೂತು ಉಳಿದೇ ಇದೆ. ಲ್ಯಾಪ್‌ಟಾಪಿನಲ್ಲಿ ಸ್ಕ್ಯಾನ್ ಮಾಡಿಯೇ ಈಚೆ ಚುಚ್ಚಬೇಕು ಎಂದು ಹೇಳಿದ್ದೇನೆ, ಅವಸರದಲ್ಲಿ ಮಾಡುವುದಿಲ್ಲ ಎಂದೂ ಗೊತ್ತು.

ಮೊನ್ನೆ ಕರಪತ್ರ ಒಂದರ ಪ್ರೂಫ್ ನೋಡಲು ಹೋದಾಗ ಗೋಡೆಯ ಪಂಚಾಂಗದ ಕ್ಯಾಲೆಂಡರ್ ಕಣ್ಣಿಗೆ ಬಿತ್ತು. ಎರಡನೇ ಮಂಗಳವಾರದ ಮೇಲೆ ಕೆಂಪು ಪೆನ್ನಿನ ಒಂದು ಸುತ್ತು. ಅದಾಗಿ ಹನ್ನೆರಡನೇ ದಿನದ ಭಾನುವಾರದ ಚೌಕದಲ್ಲಿ, ಏಕಾದಶಿಯ ಕೆಳಗೆ, 'ಲ್ಯಾಪ್‌ಟಾಪ್ ಅಪ್‌ಡೇಟ್, ಮಳೆ ಇಲ್ಲದಿದ್ದರೆ' ಎಂದು ಬರೆದಿತ್ತು.